ಬೀಗರು ಕೊಟ್ಟ ಗಿಡ

ಮಂಜುಳ ಯಾರನ್ನೂ ಸುಮ್ಮಸುಮ್ಮನೆ ನಂಬುವ ಹೆಂಗಸಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ಅವಳ ಕಣ್ಣು ಮುಳ್ಳಿನ ಮೇಲಿರುವುದಿಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. ಹಾಲಿನವನ ಹಾಲನ್ನು ನೆಲಕ್ಕೆ ಒಂದು ಹನಿ ಬಿಟ್ಟು, ಅದು ಹರಿಯುವ ಪರಿ ನೋಡಿದ ಮೇಲೆಯೇ ಒಳಗೆ ಒಯ್ಯುವುದು. ರಾಯದುರ್ಗದ ಅವರ ಓಣಿಗೆಲ್ಲ ಇದು ಗೊತ್ತು. ಗಂಡ ತಿಪ್ಪೇಸ್ವಾಮಿಗೆ ಓಣಿಗಿಂತ ಚೆನ್ನಾಗಿ ಗೊತ್ತು. ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಅವನು ಚಹಾ ಕುಡಿಯಲು ಹೊರಗೆ ಹೋದರೂ, ಯಾರ ಜೊತೆ ಕುಡಿದೆ ಎಂಬುದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಮರಳುತ್ತಿದ್ದ.

ಇಂಥವಳ ಬಾಗಿಲಿಗೆ ಬೇಸಿಗೆ ಏರುತ್ತಿದ್ದ ಹೊತ್ತಿನಲ್ಲಿ ಎರಡು ಬಾಕ್ಸ್‌ವುಡ್ ಗಿಡಗಳು ಬಂದವು. ತಂದವಳು ಮಡಕಶಿರದ ಮಮತಾ. ಅವಳೂ ಗಂಡ ಕದರಪ್ಪನೂ ಮೊದಲು ಹಿಪ್ಪುನೇರಳೆ ಬೆಳೆಯುತ್ತಿದ್ದವರು. ಈಗ ಅದೇ ಹೊಲದಲ್ಲಿ ಹಸಿರು ಪರದೆ ಕಟ್ಟಿ ನರ್ಸರಿ ನಡೆಸುತ್ತಾರೆ. ಬೆಂಗಳೂರಿನ ಹೋಟೆಲುಗಳ ಬಾಗಿಲಲ್ಲಿ ಚೆಂಡಿನ ಹಾಗೆ ದುಂಡಗೆ ಕತ್ತರಿಸಿ ನಿಲ್ಲಿಸುತ್ತಾರಲ್ಲ, ಆ ಒತ್ತಾದ ಸಣ್ಣೆಲೆಯ ಗಿಡಗಳು ಅವರಲ್ಲಿಂದಲೂ ಹೋಗುತ್ತವೆ. ಅವರ ಮಗ ರಂಗನಾಥನಿಗೆ ಮಂಜುಳನ ಮಗಳು ರಾಧಾಳನ್ನು ಕೇಳಿದ್ದರು. ಹುಡುಗ ಹುಡುಗಿ ಒಪ್ಪಿದ್ದರು. ಆಷಾಢ ಕಳೆದು ಶ್ರಾವಣದಲ್ಲಿ ಬಂದು ಮಾತು ಪಕ್ಕಾ ಮಾಡುವುದೆಂದು ಆಗಿತ್ತು. ಕುಂಡಗಳನ್ನು ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಇಟ್ಟು ಮಮತಾ ಕೈ ಒರೆಸಿಕೊಂಡಳು.

"ನಮ್ಮನೆ ಗಿಡ ನಿಮ್ಮನೇಲಿ, ನಿಮ್ಮನೆ ಹುಡುಗಿ ನಮ್ಮನೇಲಿ. ಇಬ್ರೂ ಚೆನ್ನಾಗಿ ನೋಡ್ಕಳಾಣ ಬಿಡಿ," ಅಂದಳು.

ಎಲ್ಲರೂ ನಕ್ಕರು. ಮಂಜುಳನೂ ನಕ್ಕಳು. ಆದರೆ ಬೀಗರ ಆಟೋ ತಿರುವು ದಾಟುವ ಮೊದಲೇ ಅವಳ ತಲೆಯಲ್ಲಿ ಹುಳ ಹೊಕ್ಕಿತ್ತು. ತಂಪು ಸೀಮೆಯ ಗಿಡವನ್ನು ರಾಯದುರ್ಗದ ಬಿಸಿಲಿಗೆ, ಅದೂ ಬೇಸಿಗೆಯಲ್ಲಿ, ಯಾರಾದರೂ ಪ್ರೀತಿಯಿಂದ ತಂದುಕೊಡುತ್ತಾರೆಯೇ? ಇದು ಉಡುಗೊರೆಯಲ್ಲ, ಪರೀಕ್ಷೆ. ಗಿಡ ಸತ್ತರೆ, ಒಂದು ಗಿಡ ಕಾಯಲಾರದ ಮನೆಯ ಹುಡುಗಿ ನಮಗೆ ಬೇಡ ಎಂದು ಸಂಬಂಧ ಮುರಿಯಲು ನೆಪ ಸಿಕ್ಕಂತಾಗುತ್ತದೆ. ಮಂಜುಳಗೆ ಈ ಸಂಬಂಧ ಬೇಕಿತ್ತು. ಮಗಳು ಫೋನಿನಲ್ಲಿ ಆ ಹುಡುಗನ ಜೊತೆ ಮಾತಾಡುವಾಗ ಅವಳ ದನಿ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದಳು. ಹಾಗಾಗಿ ಗಿಡ ಬದುಕಲೇಬೇಕಿತ್ತು.

ಮಮತಾ ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದಳು. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ ಎಂದಿದ್ದಕ್ಕೆ ಮೇಲೊಂದು ಪರದೆ ಕಟ್ಟಿಸಿದಳು. ನೀರು ಹಾಕುವ ಮೊದಲು ಮಣ್ಣಿನಲ್ಲಿ ಬೆರಳು ಇಳಿಸಿ ನೋಡಬೇಕು, ಒಳಗೆ ತೇವವಿದ್ದರೆ ಹಾಕಕೂಡದು ಎಂದಿದ್ದಳು. ಮಂಜುಳ ಬೆರಳು ಇಳಿಸಿದಳು. ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮುಂಚೆ ಬಂದು ಗಿಡಗಳ ಮುಂದೆ ನಿಂತು, ಒಂದೊಂದು ರೆಂಬೆಯನ್ನೂ ದಿಟ್ಟಿಸಿ ನೋಡಿ ಒಳಗೆ ಹೋಗುವುದು ರೂಢಿಯಾಯಿತು. ಗಿಡಗಳು ತಿರುಗಿ ನೋಡುವಂತಿದ್ದರೆ ಹೆದರಿ ಸಾಯುತ್ತಿದ್ದವು ಎಂದು ತಿಪ್ಪೇಸ್ವಾಮಿ ಶೆಡ್ಡಿನವರ ಮುಂದೆ ಹೇಳಿ ನಗಿಸುತ್ತಿದ್ದ.

ಅಷ್ಟಾದರೂ ಬಲಗಡೆಯ ಗಿಡದ ಬಣ್ಣ ಇಳಿಯಿತು. ಮೊದಲು ಕೆಳಗಿನ ನಾಲ್ಕು ಎಲೆ ಹಳದಿಯಾದವು. ಅದೇನೂ ದೊಡ್ಡದಲ್ಲ, ಜಾಗ ಬದಲಾದಾಗ ಹಾಗಾಗುತ್ತದೆ ಎಂದು ಮಮತಾ ಫೋನಿನಲ್ಲಿ ಹೇಳಿದಳು. ಆದರೆ ಆಮೇಲೆ ಎಲೆಗಳ ತುದಿ ಕಂಚಿನ ಬಣ್ಣಕ್ಕೆ ತಿರುಗಿ ಸುಟ್ಟಂತಾದವು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಡಗಡೆಯದು ಮಾತ್ರ ಮದುವೆಗೆ ಹೊರಟ ಹೆಂಗಸಿನ ಹಾಗೆ ಗುಂಡಗೆ, ಹಸಿರಾಗಿ ನಿಂತಿತ್ತು.

ಮಮತಾ ಫೋನಿನಲ್ಲೇ ವೈದ್ಯ ಶುರು ಮಾಡಿದಳು. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಲು ಹೇಳಿದಳು. ಒಳಗೆ ಹಸಿರಿತ್ತು, ಜೀವ ಇದೆ ಎಂದಾಯಿತು. ಬಿಳಿ ಕಾಗದ ಹಿಡಿದು ರೆಂಬೆ ಕೊಡವಿದರೆ ಧೂಳಿನಂಥ ಸಣ್ಣ ಹುಳ ಓಡಾಡುವುದು ಕಾಣುತ್ತದೆ ಎಂದಳು; ಬಿದ್ದದ್ದು ಬರೀ ಧೂಳು. ಎಲೆಯ ಹಿಂದೆ ಬೊಕ್ಕೆಯಂತೆ ಉಬ್ಬಿದ್ದರೆ ಒಳಗೆ ಮರಿಹುಳ ಇರುತ್ತದೆ, ಉಬ್ಬಿರಲಿಲ್ಲ. ಕಾಂಡದ ಮೇಲೆ ಕಪ್ಪು ಗೀರು ಇದ್ದರೆ ಅದು ಅಂಟುರೋಗ, ಗೀರೂ ಇಲ್ಲ. ಕುಂಡದ ತಳದ ತೂತು ಕಟ್ಟಿಕೊಂಡಿರಬಹುದು ಎಂದಾಗ ತಿಪ್ಪೇಸ್ವಾಮಿ ಕುಂಡ ವಾಲಿಸಿ ಕಬ್ಬಿಣದ ಕಡ್ಡಿ ಆಡಿಸಿದ. ನೀರು ಸರಾಗವಾಗಿ ಹರಿಯಿತು. ಕೊನೆಗೆ ಮಮತಾ ಬೋರಿನ ನೀರಿನ ಮೇಲೆ ತಪ್ಪು ಹೊರಿಸಿದಳು. ಸವುಳು ನೀರಾದರೆ ಎಲೆ ತುದಿ ಸುಡುತ್ತದೆ, ನಲ್ಲಿ ನೀರು ಹಾಕಿ ಎಂದಳು.

ಇಲ್ಲೇ ಮಂಜುಳಗೆ ಎಳೆ ಸಿಕ್ಕಿದ್ದು. ನೀರು ಸವುಳಾದರೆ ಎರಡಕ್ಕೂ ಸವುಳು. ಬಿಸಿಲೂ ಎರಡಕ್ಕೂ ಒಂದೇ, ಮಣ್ಣೂ ಒಂದೇ, ತಂದ ದಿನವೂ ಒಂದೇ. ಹಾಗಿದ್ದ ಮೇಲೆ ಒಂದೇ ಗಿಡ ಸಾಯುವುದೆಂದರೇನು? ರೋಗಕ್ಕೆ ಎಡ ಬಲ ಗೊತ್ತಾಗುವುದಿಲ್ಲ. ಮನುಷ್ಯನ ಕೈಗೆ ಗೊತ್ತಾಗುತ್ತದೆ. ಯಾರೋ ಬೇಕೆಂದೇ ಏನೋ ಹಾಕುತ್ತಿದ್ದಾರೆ.

ಮೊದಲು ಅನುಮಾನ ಹೋದದ್ದು ಮಮತಾಳ ಮೇಲೆಯೇ. ಒಂದು ಒಳ್ಳೆಯದು, ಒಂದು ರೋಗದ್ದು ಎಂದು ಆರಿಸಿ ತಂದಿಟ್ಟಿರಬಹುದೇ? ಆದರೆ ಹಾಗೆ ಮಾಡಿದವಳು ಫೋನಿನಲ್ಲಿ ಅಷ್ಟು ಹೊತ್ತು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಎದುರು ಮನೆಯವರ ಮೇಲೆ ಹೋಯಿತು. ಅವರ ಹುಡುಗಿಗೂ ಗಂಡು ಹುಡುಕುತ್ತಿದ್ದರು. ಅವರೋ ಬೇಸಿಗೆಗೆ ಬೀಗ ಹಾಕಿ ಊರಿಗೆ ಹೋಗಿದ್ದರು. ಓಣಿಯ ನಾಯಿಯನ್ನೂ ಬಿಡಲಿಲ್ಲ. ನಾಯಿ ಕಾಲೆತ್ತುವುದು ಕರೆಂಟು ಕಂಬಕ್ಕೇ ಹೊರತು ಮನೆ ಬಾಗಿಲಿಗಲ್ಲ ಎಂಬುದನ್ನು ಶೆಡ್ಡಿನ ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡಳು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಬಂದರೆ ಕೊನೆಗೆ ಉಳಿದದ್ದು ಮನೆಯೊಳಗಿನವರು.

ಮನೆಯೊಳಗೆ ಅತ್ತೆ ಮೂಕಮ್ಮ ಇದ್ದಳು. ಮೂಕಮ್ಮನಿಗೆ ಮೊಮ್ಮಗಳನ್ನು ಮಗಳ ಮನೆಗೇ ಕೊಡಬೇಕೆಂಬ ಆಸೆಯಿತ್ತು. ಮಗಳು ಉಚ್ಚಂಗಮ್ಮ ಗುಮ್ಮಘಟ್ಟದಲ್ಲಿದ್ದಾಳೆ. ಕುರಿ ಇವೆ, ಹೊಲ ಇದೆ, ಮದುವೆ ವಯಸ್ಸಿನ ಮಗ ಇದ್ದಾನೆ. ಸೋದರತ್ತೆಯ ಮಗನಿದ್ದೂ ಹುಡುಗಿಯನ್ನು ಹೊರಗೆ ಕೊಡುವುದೆಂದರೆ ಆ ಕಡೆಯ ಮನೆಗಳಲ್ಲಿ ಸಣ್ಣ ಮಾತಲ್ಲ. ಮಡಕಶಿರದ ಮಾತು ಬಂದಾಗ ಮುದುಕಿ ಆ ಹೊತ್ತಿನ ಊಟ ಬಿಟ್ಟಿದ್ದಳು. ಆಮೇಲೆ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಮಂಜುಳ ಮರೆತುಬಿಡುತ್ತಿದ್ದಳು. ಸುಮ್ಮನಿದ್ದದ್ದೇ ಅವಳಿಗೆ ಚುಚ್ಚುತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಮಾತಿನಲ್ಲಿ ಒಳಗೊಂದು ಹೊರಗೊಂದು ಇದೆಯೆಂದೇ ಅವಳ ಲೆಕ್ಕ. ಹಿಡಿದು ತೋರಿಸಲು ಮಾತ್ರ ಇವತ್ತಿನವರೆಗೂ ಒಂದೂ ಸಿಕ್ಕಿರಲಿಲ್ಲ.

ಒಂದು ಶನಿವಾರ ಬಲಗಡೆಯ ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಕಂಡಿತು. ಮಂಜುಳ ಬೆರಳಿಗೆ ಅಂಟಿಸಿ ಮೂಸಿದಳು. ನಾಲಿಗೆಗೆ ಹಚ್ಚಿದಳು. ಉಪ್ಪು. ಬೋರಿನ ಸವುಳಲ್ಲ, ಸಾರಿಗೆ ಹಾಕುವ ಉಪ್ಪು. ನೆಟ್ಟಗೆ ಅಡುಗೆಮನೆಗೆ ಹೋಗಿ ಕಲ್ಲುಪ್ಪಿನ ಡಬ್ಬಿ ತೆಗೆದಳು. ಅವಳು ಅಡುಗೆಗೆ ಬಳಸುವುದು ಪುಡಿ ಉಪ್ಪು. ಕಲ್ಲುಪ್ಪು ಮುಟ್ಟುವವಳು ಮೂಕಮ್ಮ ಒಬ್ಬಳೇ. ಯುಗಾದಿಗೆ ತುಂಬಿಟ್ಟ ಡಬ್ಬಿಯಲ್ಲಿ ತಳ ಕಾಣುತ್ತಿತ್ತು.

ಮಂಜುಳ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಸಿಟ್ಟು ಒಂದು ಪಾಲು, ಕೊನೆಗೂ ಸಿಕ್ಕಿಬಿತ್ತು ಎಂಬ ಸಮಾಧಾನ ಒಂದು ಪಾಲು. ಅತ್ತೆಯನ್ನು ಕೇಳಬಹುದಿತ್ತು, ಅವಳು ಪಡಸಾಲೆಯಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ಕೇಳಿದರೆ ಇಲ್ಲವೆನ್ನುತ್ತಾಳೆ, ಆಮೇಲೆ ಹುಷಾರಾಗಿಬಿಡುತ್ತಾಳೆ ಎಂದುಕೊಂಡು ಮಂಜುಳ, ಊಟದ ಹೊತ್ತಿಗೆ ಖಾಲಿಯಿದ್ದ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡು ಮಮತಾಗೆ ಫೋನ್ ಮಾಡಿದಳು. ಗಿಡ ಸಾಯುತ್ತಿರುವುದು ನನ್ನಿಂದಲ್ಲ, ನನ್ನ ಮಗಳಿಂದಲೂ ಅಲ್ಲ, ನಮ್ಮ ಅತ್ತೆಗೆ ಈ ಸಂಬಂಧ ಬೇಡ, ಅವರೇ ಉಪ್ಪು ಸುರಿದು ಕೊಲ್ಲುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಸೋಮವಾರ ನಾನೇ ಬಂದು ನೋಡುತ್ತೇನೆ ಎಂದಳು ಮಮತಾ. ಅವಳ ದನಿಯಲ್ಲಿ ಎಂದಿನ ನಗು ಇರಲಿಲ್ಲ.

ಮಾರನೆಯ ದಿನ ಭಾನುವಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಜುಳ ಎಂದಿನಂತೆ ಹೊಲಿದ ಪ್ಯಾಂಟುಗಳ ದಾರ ಕತ್ತರಿಸಲು ಶೆಡ್ಡಿಗೆ ಹೋದಳು. ಹೋದಳು ಎಂದು ಅತ್ತೆ ತಿಳಿಯಲಿ ಎಂದು ಬಾಗಿಲನ್ನು ಜೋರಾಗಿ ಎಳೆದುಕೊಂಡಳು. ಆದರೆ ಕತ್ತರಿ ಮುಟ್ಟದೆ, ಫೋನಿನ ಕ್ಯಾಮರಾ ತೆರೆದು ಕಿಟಕಿಯ ಪಕ್ಕ ನಿಂತಳು. ಬೀಗಿತ್ತಿ ಬಂದಾಗ ತೋರಿಸಲು ಸಾಕ್ಷಿ ಬೇಕಲ್ಲ.

ಮೂಕಮ್ಮ ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಬಲಗಡೆಯ ಗಿಡದ ಮುಂದೆ ನಿಂತು ಸೆರಗು ಸರಿಪಡಿಸಿಕೊಂಡು, ಆ ಮುಷ್ಟಿಯನ್ನು ಗಿಡದ ಸುತ್ತ ಇಳಿದೆಗೆಯತೊಡಗಿದಳು. ಕೂಸಿಗೆ ದೃಷ್ಟಿ ತೆಗೆಯುವ ಹಾಗೆಯೇ, ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಬಾಯಲ್ಲಿ ಏನೋ ಗೊಣಗುತ್ತಿದ್ದಳು. ಮಂಜುಳ ಕಿಟಕಿಗೆ ಕಿವಿಯಿಟ್ಟಳು. ಬಂದವರ ಕಣ್ಣು, ಹೋದವರ ಕಣ್ಣು, ಓಣಿಯವರ ಕಣ್ಣು, ನಮ್ಮ ಮಂಜುಳನ ಕಣ್ಣು, ಎಲ್ಲ ಇಳಿದು ಹೋಗಲಿ. ರಾಧಾನ ಬಾಳು ಹಸಿರಾಗಲಿ ಎನ್ನುತ್ತಿದ್ದಳು ಮುದುಕಿ. ಆಮೇಲೆ ಮುಷ್ಟಿಯ ಉಪ್ಪನ್ನು ಚೊಂಬಿಗೆ ಹಾಕಿ, ಕೈಯಾಡಿಸಿ ಕರಗಿಸಿ, ನೀರನ್ನು ಜೋಪಾನವಾಗಿ, ಒಂದು ಹನಿಯೂ ಆಚೆ ಬೀಳದ ಹಾಗೆ ಕುಂಡಕ್ಕೆ ಸುರಿದಳು.

ಮಂಜುಳಗೆ ಸಾಕ್ಷಿ ಹಿಡಿಯುವುದು ಮರೆತೇ ಹೋಯಿತು. ಹೊರಗೆ ಬಂದಳು. ಅತ್ತೆ ಬೆಚ್ಚಲಿಲ್ಲ, ಚೊಂಬು ಬೋರಲು ಹಾಕಿ, ಗಿಡಕ್ಕೆ ದೃಷ್ಟಿಯಾಗಿತ್ತು, ತೆಗೆದೆ ಎಂದಳು. ಯಾರ ದೃಷ್ಟಿ ಎಂದು ಕೇಳಿದಳು ಮಂಜುಳ.

"ಓಣ್ಯಾಗಿನೋರದು ಸ್ವಲ್ಪ, ನಿಂದು ಜಾಸ್ತಿ," ಅಂದಳು ಮೂಕಮ್ಮ. "ದಿನಾ ಮುಂಜಾನಿ ಎದ್ದ ಕೂಡ್ಲೇ ಆ ಗಿಡಾನ ಒಂದ ಸಮ ನೋಡ್ತಿ. ಎಳೀ ಗಿಡ, ತಡೀತೈತೇನು?"

ಉಪ್ಪನ್ನು ಕುಂಡಕ್ಕೇ ಯಾಕೆ ಹಾಕಿದಿರಿ ಎಂದರೆ ಮುದುಕಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಹಿಂದೆ ಒಲೆಯಿತ್ತು, ಇಳಿದೆಗೆದ ಉಪ್ಪನ್ನು ಕೆಂಡಕ್ಕೆ ಹಾಕಿದರೆ ಚಟಪಟ ಸಿಡಿದು ಮುಗಿಯುತ್ತಿತ್ತು. ಈಗ ಗ್ಯಾಸು. ಗ್ಯಾಸಿನ ಮೇಲೆ ಹಾಕಿದರೆ ನೀನೇ ಬಯ್ಯುತ್ತಿ. ನೀರಲ್ಲಿ ಕರಗಿಸಿದೆ. ಆ ನೀರನ್ನು ಯಾರೂ ತುಳಿಯಬಾರದು. ಅಂಗಳವೆಲ್ಲ ಸಿಮೆಂಟು, ಅದರಾಚೆ ರಸ್ತೆ. ಯಾರೂ ಕಾಲಿಡದ ಮಣ್ಣು ಅಂತ ಈ ಮನೆಯಲ್ಲಿ ಇರುವುದೇ ಕುಂಡದಲ್ಲಿ. ಈ ಗಿಡದ ನಾಲ್ಕು ಎಲೆ ಹಳದಿಯಾದಾಗಿನಿಂದ ಭಾನುವಾರ, ಮಂಗಳವಾರ, ಅಮಾವಾಸ್ಯೆ ತಪ್ಪಿಸಿಲ್ಲ. ಗಿಡ ಇನ್ನೂ ಚೇತರಿಸಿಕೊಳ್ಳಲಿಲ್ಲವೆಂದು ಈಚೆಗೆ ಉಪ್ಪು ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದೇನೆ. ಹೀಗೆಲ್ಲ ಹೇಳಿ ಮೂಕಮ್ಮ, ಗುಮ್ಮಘಟ್ಟದ ಆಸೆಯನ್ನು ತಾನು ಎಂದೋ ಬಿಟ್ಟಾಯಿತೆಂದೂ, ಹುಡುಗಿ ನಗುನಗುತ್ತ ಫೋನಿನಲ್ಲಿ ಮಾತಾಡುವುದು ತನಗೂ ಕೇಳಿಸುತ್ತದೆಂದೂ ಸೇರಿಸಿದಳು.

ಮಂಜುಳ ಬಾಗಿಲ ಕಟ್ಟೆಯ ಮೇಲೆ ಕೂತಳು. ನಾಚಿಕೆಯಾಯಿತು. ಬೀಗಿತ್ತಿಗೆ ಫೋನ್ ಮಾಡಿ ತಾನು ಹೇಳಿದ್ದನ್ನು ಅತ್ತೆಗೆ ಹೇಳಲೇಬೇಕಾಯಿತು, ಹೇಳಿದಳು. ಮೂಕಮ್ಮ, ಅವರು ಯಾವಾಗ ಬರುತ್ತಾರೆ ಎಂದಷ್ಟೇ ಕೇಳಿ, ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಬೆಳಿಗ್ಗೆ ಎದ್ದವಳೇ ಮಂಜುಳ ಮಮತಾಗೆ ಫೋನ್ ಹಚ್ಚಿದಳು. ಬರಬೇಡಿ, ನಾನು ಹೇಳಿದ್ದು ತಪ್ಪು ಎಂದು ಹೇಳಬೇಕಿತ್ತು. ಮಮತಾ ಆಗಲೇ ಪಾವಗಡ ದಾಟಿ ಕಲ್ಯಾಣದುರ್ಗದ ಬಸ್ಸಿನಲ್ಲಿದ್ದಳು. ಗದ್ದಲದಲ್ಲಿ ಏನೂ ಕೇಳಿಸದೆ, ಬರ್ತಾ ಇದೀನಿ ಕಣಮ್ಮ ಎಂದು ಇಟ್ಟುಬಿಟ್ಟಳು.

ಬಂದವಳು ನೀರು ಕುಡಿದು ನೇರ ಕುಂಡದ ಹತ್ತಿರ ಹೋದಳು. ಮಣ್ಣು ಕೆದಕಿದಳು, ಪೊರೆ ನೋಡಿದಳು, ಬೇರಿನ ಅಂಚು ಬಿಡಿಸಿ ನೋಡಿದಳು. ಬೇರು ಇನ್ನೂ ಬೆಳ್ಳಗಿದೆ, ಉಳಿಯುತ್ತದೆ ಎಂದಳು. ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿಡಿಸಿ, ನಲ್ಲಿಯ ನೀರನ್ನು ನಿಧಾನವಾಗಿ ಬಿಟ್ಟು, ತಳದಿಂದ ಪೂರಾ ಇಳಿದು ಹೋದ ಮೇಲೆ ಮತ್ತೆ ಬಿಟ್ಟು, ಉಪ್ಪು ತೊಳೆದು ಹೋಗುವವರೆಗೂ ಹೀಗೇ ಮಾಡಬೇಕು. ಸುಟ್ಟ ತುದಿ ಕತ್ತರಿಸಬೇಕು. ಹೊಸ ಚಿಗುರು ಬರುವವರೆಗೆ ಗೊಬ್ಬರದ ಮಾತೆತ್ತಬಾರದು ಎಂದು ಹೇಳಿದಳು. ರಾಧಾ ಪೈಪು ತಂದಳು. ತಿಪ್ಪೇಸ್ವಾಮಿ ಇಟ್ಟಿಗೆ ಜೋಡಿಸಿದ. ಇಷ್ಟಾದ ಮೇಲೆ ಮಮತಾ ಸೆರಗಿಗೆ ಕೈ ಒರೆಸುತ್ತ ಪಡಸಾಲೆಗೆ ಬಂದಳು. ಎಲ್ಲರೂ ಅಲ್ಲೇ ಇದ್ದರು, ರಾಧಾ ಮಾತ್ರ ಪೈಪು ಹಿಡಿದು ಬಾಗಿಲಾಚೆ ನಿಂತಿದ್ದಳು.

"ಅಜ್ಜಿ, ನಿಮ್ಮ ಸೊಸೆ ಒಂದು ಮಾತು ಹೇಳವ್ರೆ. ಅದು ನಿಜವೇ ಆದ್ರೂ ಪರವಾಗಿಲ್ಲ, ನಾನು ಬೇಜಾರು ಮಾಡ್ಕಳಲ್ಲ," ಅಂದಳು. "ಅದು ಸುಳ್ಳಾದ್ರೆ ಮಾತ್ರ ನಾನು ಯೋಚ್ನೆ ಮಾಡ್ಬೇಕಾಗ್ತದೆ. ಮನೇಲಿರೋ ಹಿರೇರನ್ನ ಕೇಳ್ದಲೇ ಹೊರಗಿನೋರ ಹತ್ರ ಕಳ್ಳಿ ಮಾಡಿರೋ ಮನೆಯಿಂದ ಹೆಂಗೆ ಹೆಣ್ಣು ತರಾದು? ನಾಳೆ ಆ ಹುಡುಗಿ ನನ್ನೂ ಹಂಗೇ ಅಂತಾಳೆ."

ರಾಧಾಳ ಕೈಯಲ್ಲಿದ್ದ ಪೈಪಿನಿಂದ ನೀರು ಅವಳ ಕಾಲ ಮೇಲೇ ಸುರಿಯುತ್ತಿತ್ತು. ಮಂಜುಳ ಅತ್ತೆಯ ಕಡೆ ನೋಡಿದಳು. ನಿಜ ಹೇಳಿದರೆ ಮಗಳ ಮದುವೆ ಹೋಯಿತು. ಹೇಳದಿದ್ದರೆ ಮುದುಕಿ ಹೇಳುತ್ತಾಳೆ. ಹೇಳಲು ಅವಳಿಗೆ ಹಕ್ಕಿದೆ.

"ನಾನ ಹಾಕಿದ್ದು ಖರೇ ರೀ," ಅಂದಳು ಮೂಕಮ್ಮ. "ನನ್ ಮಗಳ ಮಗನ್ನ ಬಿಟ್ರಲ್ಲ ಅಂತ ಹೊಟ್ಟ್ಯಾಗ ಉರೀತಿತ್ತು. ಗಿಡ ಸತ್ರ ಸಂಬಂಧ ಮುರೀತೈತಿ ಅನ್ಕೊಂಡೆ. ಮುದುಕಿ ಬುದ್ಧಿ, ತಪ್ಪಾತು. ನಮ್ಮ ಮಂಜುಳ ಸುಳ್ಳು ಹೇಳಾಕಿ ಅಲ್ಲ."

ಕಣ್ಣು ಮಿಟುಕಿಸದೆ, ಶೇಂಗಾ ಸುಲಿದಷ್ಟು ಸಲೀಸಾಗಿ ಹೇಳಿದಳು. ಇಷ್ಟು ವರ್ಷ ಅತ್ತೆಯ ಮಾತಿನಲ್ಲಿ ಸುಳ್ಳು ಹುಡುಕಿದ್ದ ಮಂಜುಳಗೆ ಕೊನೆಗೂ ಒಂದು ಸಿಕ್ಕಿತ್ತು. ಹಿಂದಿನ ಸಂಜೆಯ ಮಾತು ಗೊತ್ತಿಲ್ಲದ ತಿಪ್ಪೇಸ್ವಾಮಿ ತಲೆ ತಗ್ಗಿಸಿ, ಏನವ್ವ ನೀನು ಎಂದು ಗೊಣಗಿದ. ರಾಧಾ ಅಜ್ಜಿಯ ಕಡೆ ನೋಡಿದ ನೋಟ ಮಂಜುಳಗೆ ತಡೆಯಲಾಗಲಿಲ್ಲ. ಮಮತಾ ಮಾತ್ರ ಹಗುರಾದವಳಂತೆ ಉಸಿರು ಬಿಟ್ಟಳು. ಆಗಿದ್ದಾಯಿತು, ಇನ್ನು ಅಜ್ಜಿಯನ್ನು ಗಿಡದ ಹತ್ತಿರ ಬಿಡಬೇಡಿ. ಮದುವೆಯ ಹೊತ್ತಿಗೂ ಶಾಸ್ತ್ರಗಳಿಗೆ ಮುಂದೆ ಬಿಡದೆ ಸ್ವಲ್ಪ ದೂರ ಕೂರಿಸಿ, ಮನಸ್ಸಿನಲ್ಲಿ ಕಹಿ ಇರುವವರು ಅಕ್ಷತೆ ಹಾಕಿದರೆ ಒಳ್ಳೆಯದಲ್ಲ ಎಂದಳು. ಮೂಕಮ್ಮ ಆಗಲಿ ಎಂದು ತಲೆಯಾಡಿಸಿದಳು.

ಅದು ಮಂಜುಳಗೆ ಸಹಿಸಲಾಗಲಿಲ್ಲ. ಮೊಮ್ಮಗಳ ಮದುವೆಯಲ್ಲಿ ಮೂಲೆಯಲ್ಲಿ ಕೂರಲು ಒಪ್ಪಿದ ಆ ತಲೆಯನ್ನು ನೋಡಿ ಅವಳಿಗೆ ಅಳು ಬಂತು. ಸಂಬಂಧ ಉಳಿಯಲಿ ಹೋಗಲಿ ಎಂದು ಬಾಯಿ ತೆರೆದಳು.

"ಇಲ್ಲ ಬೀಗಿತ್ತಿ, ಅವರು ಸುಳ್ಳು ಹೇಳಾಕ ಹತ್ಯಾರ. ಅವರು ಗಿಡಕ್ಕ ದೃಷ್ಟಿ ತೆಗೆದು ಆ ನೀರು ಹಾಕ್ಯಾರ. ಗಿಡಕ್ಕ ಬಿದ್ದಿದ್ದು ನನ್ನ ಕಣ್ಣು. ಕೆಟ್ಟಾಕಿ ನಾನು. ಕೇಳದ ನಿಮಗ ಫೋನ್ ಮಾಡಿದೆ," ಅಂದಳು.

ಮಮತಾ ಅವಳನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು. ಬಂದು ಮಂಜುಳನ ಎರಡೂ ಕೈ ಹಿಡಿದುಕೊಂಡಳು.

"ಸಿಟ್ಟಲ್ಲಿ ಫೋನ್ ಮಾಡ್ದೋಳು, ಈಗ ಅತ್ತೆ ಮಾನ ಉಳ್ಸಕ್ಕೆ ತಪ್ಪೆಲ್ಲ ತನ್ ಮೇಲೇ ಎಳ್ಕಂತಾಳಲ್ಲ ಈ ಯಮ್ಮ," ಅಂದಳು ತಿಪ್ಪೇಸ್ವಾಮಿಯ ಕಡೆ ತಿರುಗಿ. "ಇಂಥ ತಾಯಿ ಹೆತ್ತ ಹುಡುಗಿ ಸಾಕು ನಮಗೆ. ಶ್ರಾವಣದವರೆಗೂ ಕಾಯಾದು ಯಾಕೆ? ಇವತ್ತೇ ಪಕ್ಕಾ ಅನ್ಕಳಿ."

ಮಂಜುಳ ಮತ್ತೆ ಹೇಳಿದಳು. ರಾಧಾಳ ಮೇಲೆ ಆಣೆ ಇಟ್ಟಳು. ಆಣೆ ಇಟ್ಟಷ್ಟೂ ಮಮತಾ ಅವಳ ಕೈ ಗಟ್ಟಿಯಾಗಿ ಒತ್ತಿ, ಗೊತ್ತಮ್ಮ, ನಂಗೆಲ್ಲ ಗೊತ್ತು ಎನ್ನುತ್ತಿದ್ದಳು. ತಿಪ್ಪೇಸ್ವಾಮಿಯೂ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ಮೆಚ್ಚಿ ನೋಡಿದ. ಸಕ್ಕರೆ ಹಂಚಿದರು. ಮೂಕಮ್ಮನ ಕೈಗೆ ಸಕ್ಕರೆ ಹಾಕುವಾಗ ರಾಧಾ ಮುಖ ಬೇರೆ ಕಡೆ ತಿರುಗಿಸಿದಳು.

ಮಮತಾಳನ್ನು ಬಸ್ಸು ಹತ್ತಿಸಲು ಗಂಡ, ಮಗಳು ಹೋದ ಮೇಲೆ ಮಂಜುಳ ಅತ್ತೆಯ ಹತ್ತಿರ ಬಂದು ನಿಂತಳು. ಯಾಕ ಹಂಗ ಹೇಳಿದ್ರಿ ಅತ್ತಿ ಎಂದು ಕೇಳಿದಳು.

"ಖರೇ ಹೇಳಿದ್ರ ನಂಬೋರು ಈ ಮನ್ಯಾಗ ಯಾರದಾರ?" ಅಂದಳು ಮೂಕಮ್ಮ. "ಸುಳ್ಳು ಹೇಳಿದೆ, ಎಲ್ಲಾರೂ ನಂಬಿದ್ರು. ರಾಧಾನ ಕೆಲಸ ಆತು, ಬಿಡು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಂಜುಳ ಅತ್ತೆಯ ಮಗ್ಗುಲಲ್ಲಿ ಕೂತಳು. ರಾಧಾಗಾದರೂ ಇವತ್ತೇ ನಿಜ ಹೇಳಬೇಕು ಎಂದುಕೊಂಡಳು. ಮಗಳು ನಂಬುತ್ತಾಳೆಂಬ ನಂಬಿಕೆ ಮಾತ್ರ ಅವಳಿಗೆ ಇರಲಿಲ್ಲ.